ರೋಗಿ ಇದ್ದ ಕೋಣೆಯಲ್ಲಿ ನಾನೂ ಇದ್ದೆ

ವೈದ್ಯಕೀಯ ಕಾಲೇಜಿನ ಪ್ರವೇಶ ಸಮಿತಿಯ ಮಾನ್ಯ ಅಧ್ಯಕ್ಷರೇ,

ನನ್ನ ಇನ್ನೂರ ಹನ್ನೆರಡು ಗಂಟೆಗಳನ್ನು ತಾವು ಸೊನ್ನೆ ಎಂದು ಬರೆದಿದ್ದೀರಿ. ಕಡಿಮೆಯಾಯಿತು ಎಂದಿದ್ದರೆ ಬಾಯಿ ಮುಚ್ಚಿಕೊಂಡಿರುತ್ತಿದ್ದೆ. ಸೊನ್ನೆ ಎಂದಿರಿ. 'ಅಭ್ಯರ್ಥಿಯು ವೈದ್ಯರೊಡನೆ ಖುದ್ದಾಗಿ ಕಳೆದ ಅವಧಿ: ಸೊನ್ನೆ. ಪರದೆಯ ಮೂಲಕ ಪಡೆದ ಅನುಭವವನ್ನು ಪರಿಗಣಿಸಲಾಗುವುದಿಲ್ಲ.' ಇಷ್ಟೇ ಪತ್ರ, ಕೆಳಗೊಂದು ಸಹಿಯೂ ಇಲ್ಲ. ಇದು ನನ್ನ ಮೂರನೆಯ ಅರ್ಜಿ. ಪ್ರವೇಶ ಪರೀಕ್ಷೆಯಲ್ಲಿ ನಾನು ಪಡೆದ ಅಂಕಗಳಿಗೆ ಈ ವರ್ಷದವರೆಗೆ ಮಾತ್ರ ಬೆಲೆ. ನನಗೀಗ ಇಪ್ಪತ್ತೊಂಬತ್ತು, ಮತ್ತೆ ಮೊದಲಿನಿಂದ ಓದಿ ಬರೆಯುವ ಶಕ್ತಿ ನನ್ನಲ್ಲಿ ಉಳಿದಿಲ್ಲ. ತಮಗೆ ಖಾಸಗಿಯಾಗಿ ಬರೆದ ಮೂರು ಪತ್ರಗಳಿಗೆ ಉತ್ತರ ಬರಲಿಲ್ಲವಾಗಿ ಊರಿನ ವಾರಪತ್ರಿಕೆಯಲ್ಲಿ ಬರೆಯುತ್ತಿದ್ದೇನೆ. ಸಂಪಾದಕರು ದಯೆತೋರಿ ಆಲೂಗಡ್ಡೆ ಬಿತ್ತನೆಯ ಜಾಹೀರಾತಿನ ಪಕ್ಕ ಜಾಗ ಕೊಟ್ಟಿದ್ದಾರೆ.

ಓದುಗರಿಗೆ ಗೊತ್ತಿರಲಿ: ಡಾಕ್ಟರಾಗಬೇಕೆನ್ನುವವರು ಅರ್ಜಿ ಹಾಕುವ ಮೊದಲು ಒಬ್ಬ ಡಾಕ್ಟರ ನೆರಳಾಗಿ ಹಿಂದೆ ನಿಂತು, ಅವರು ರೋಗಿಯನ್ನು ನೋಡುವ ರೀತಿಯನ್ನು ಗಂಟೆಗಟ್ಟಲೆ ಗಮನಿಸಬೇಕು. ಒಳ್ಳೆಯ ನಿಯಮ, ನನ್ನ ತಕರಾರಿಲ್ಲ. ಆದರೆ ನೆರಳು ಬೀಳಲು ಮೊದಲು ಒಬ್ಬರು ನಿಂತಿರಬೇಕಲ್ಲವೇ? ಮೇಯ್ನ್ ರಾಜ್ಯದ ಈ ಉತ್ತರದ ತುದಿಯಲ್ಲಿ, ನದಿ ದಾಟಿದರೆ ಕೆನಡಾ ಎನ್ನುವಲ್ಲಿ, ನಮ್ಮ ಕಟ್ಟಕಡೆಯ ಡಾಕ್ಟರು ನಿವೃತ್ತರಾಗಿ ಆರು ವರ್ಷವಾಯಿತು. ಅಂದಿನಿಂದ ನಮ್ಮ ಚಿಕಿತ್ಸಾಲಯದಲ್ಲಿರುವುದು ಒಂದು ಚಕ್ರದ ಗಾಡಿ. ಗಾಡಿಯ ಮೇಲೊಂದು ಪರದೆ, ಪರದೆಯಲ್ಲಿ ಮುನ್ನೂರು ಮೈಲಿ ದಕ್ಷಿಣಕ್ಕೆ ಪೋರ್ಟ್‌ಲ್ಯಾಂಡ್‌ನಲ್ಲಿ ಕುಳಿತ ಡಾಕ್ಟರ್ ವಿಟ್ಕೊಂಬ್. ನಾನು ಅಲ್ಲಿನ ಸಹಾಯಕಿ. ಗಾಡಿ ತಳ್ಳುವವಳು ನಾನು. ಅವರು ನೋಡಬೇಕೆಂದ ಕಡೆ ಕ್ಯಾಮೆರಾ ಹಿಡಿಯುವವಳು, ಅವರು ಕೇಳಬೇಕೆಂದ ಜಾಗಕ್ಕೆ ಸ್ಟೆತಾಸ್ಕೋಪ್ ಒತ್ತುವವಳು ನಾನು. ಪ್ರತಿ ರೋಗಿ ಎದ್ದುಹೋದ ಮೇಲೆ ಅವರು ಪರದೆ ಆರಿಸದೆ, "ಈಗ ಹೇಳು, ಏನು ನೋಡಿದೆ? ನಾನು ಯಾಕೆ ಹಾಗೆ ಕೇಳಿದೆ?" ಎಂದು ಪಾಠ ಹೇಳುತ್ತಿದ್ದರು. ಆ ಗಂಟೆಗಳನ್ನೇ ನಾನು ಅರ್ಜಿಯಲ್ಲಿ ಬರೆದದ್ದು.

ಊರ ಜನರಿಗೆ ಪರದೆಯ ಡಾಕ್ಟರು ಸಾಕೆಂದು ಸರ್ಕಾರ ಹೇಳಿದೆ, ವಿಮೆ ಕಂಪನಿ ಹೇಳಿದೆ, ಅವರು ಬರೆದ ಮಾತ್ರೆಯನ್ನು ಔಷಧ ಅಂಗಡಿಯವರೂ ಕೊಡುತ್ತಾರೆ. ನನ್ನ ಅಜ್ಜಿಯ ಎದೆನೋವಿಗೆ ಸಾಕಾಗುವ ಡಾಕ್ಟರು ನನ್ನ ಅರ್ಜಿಗೆ ಸಾಲದೇ ಹೋದರು ನೋಡಿ!

ಬೇರೆ ದಾರಿ ಹುಡುಕಲಿಲ್ಲವೇ ಎಂದು ಕೇಳುತ್ತೀರಿ. ಹುಡುಕಿದೆ ಸ್ವಾಮಿ. ಎರಡು ಗಂಟೆ ದೂರದ ಪಟ್ಟಣದ ಆಸ್ಪತ್ರೆಯವರು, ಹೊರಗಿನವರನ್ನು ಒಳಗೆ ಬಿಡುವುದಿಲ್ಲವೆಂದರು. ಕೊನೆಗೆ ತಮ್ಮದೇ ಕಾಲೇಜಿನ ಆಸ್ಪತ್ರೆಗೆ, 'ಒಬ್ಬ ಡಾಕ್ಟರ ಹಿಂದೆ ಒಂದು ವಾರ ನಿಲ್ಲಲು ಬಿಡಿ, ರಜೆ ಹಾಕಿ ಬರುತ್ತೇನೆ' ಎಂದು ಬರೆದೆ. ಬಹಳ ಸೌಜನ್ಯದ ಉತ್ತರ ಬಂತು: 'ಸದ್ಯ ಅವಕಾಶವಿಲ್ಲ. ತಾವು ನಮ್ಮ ಆನ್‌ಲೈನ್ ತರಗತಿಗಳ ಮೂಲಕ ವೈದ್ಯರ ಕೆಲಸವನ್ನು ವೀಕ್ಷಿಸಬಹುದು.' ಅದನ್ನೂ ಮಾಡಿದೆ. ಪ್ರತಿ ತರಗತಿಯ ಕೊನೆಗೆ ಹತ್ತು ಪ್ರಶ್ನೆ, ಉತ್ತರಿಸಿದರೆ ತಮ್ಮ ಕಾಲೇಜಿನ ಮುದ್ರೆಯ ಪ್ರಮಾಣಪತ್ರ. ಅಂಥ ಹನ್ನೊಂದು ಪ್ರಮಾಣಪತ್ರಗಳನ್ನು ತಮಗೇ ಕಳಿಸಿದ್ದೆ. ತಮ್ಮ ಮುದ್ರೆಯನ್ನು ತಾವೇ ಪರಿಗಣಿಸುವುದಿಲ್ಲವೆಂದರೆ ನಾನು ಯಾರ ಬಳಿ ಹೋಗಿ ಅಳಲಿ?

ತಪ್ಪು ನನ್ನದೂ ಇದೆ, ಒಪ್ಪುತ್ತೇನೆ. ಅರ್ಜಿ ತುಂಬುವಾಗ ನಮ್ಮ ನರ್ಸ್ ಜೆರಾಲ್ಡಿನ್ ಹಿಂದೆಯೇ ನಿಂತಿದ್ದಳು. ಅವಧಿಯ ಮುಂದೆ 'ಪರದೆಯ ಮೂಲಕ' ಎಂದು ನಾನು ಬರೆದದ್ದೇ ತಡ, ಹಣೆ ಚಚ್ಚಿಕೊಂಡಳು.

"ಅಯ್ಯೋ ಪೆದ್ದಿ, ಅದನ್ನ ಯಾಕೆ ಬರೀತೀಯೇ? ಅಳಿಸು. ಚಿಕಿತ್ಸಾಲಯದಲ್ಲಿ ಡಾಕ್ಟರ ಜೊತೆ ಕೆಲಸ ಮಾಡಿದೀನಿ ಅಂತ ಹಾಕು. ಸುಳ್ಳೇನಲ್ವಲ್ಲ?"

"ಅವರು ಅಲ್ಲಿ ಇರ್ಲಿಲ್ವಲ್ಲೇ."

"ನೀನಿದ್ಯಲ್ಲ! ಯಾರು ಬಂದು ನೋಡ್ತಾರೆ?"

ಯಾರೂ ಬಂದು ನೋಡುವುದಿಲ್ಲವೆಂದು ನನಗೂ ಗೊತ್ತಿತ್ತು. ಆದರೆ ನಾನು ಬೆಳೆದದ್ದು ಆಲೂಗಡ್ಡೆ ಹೊಲದಲ್ಲಿ. ಪ್ರತಿ ಶರತ್ಕಾಲ ಶಾಲೆಗೆ ಮೂರು ವಾರ ರಜೆ ಕೊಟ್ಟು ನಮ್ಮನ್ನು ಗಡ್ಡೆ ಆರಿಸಲು ಬಿಡುತ್ತಿದ್ದರು. ಪೀಪಾಯಿ ತುಂಬಿದ ಮೇಲೆ ಅದರ ಮೇಲೆ ನಮ್ಮ ಸಂಖ್ಯೆಯ ಚೀಟಿ ಇಡಬೇಕು, ಕೂಲಿ ಸಿಗುವುದು ಆ ಚೀಟಿಗಳ ಲೆಕ್ಕದಲ್ಲೇ. ನನಗೆ ಎಂಟು ವರ್ಷವಿದ್ದಾಗ ಪಕ್ಕದ ಸಾಲಿನ ತುಂಬಿದ ಪೀಪಾಯಿಯ ಮೇಲೆ ನನ್ನದೊಂದು ಚೀಟಿ ಇಟ್ಟೆ. ಅಜ್ಜಿ ಕಂಡಳು. ಬೈಯಲಿಲ್ಲ. ಇಡೀ ಹೊಲದೆದುರು ನನ್ನನ್ನು ನಡೆಸಿಕೊಂಡು ಹೋಗಿ, "ತೆಗಿ. ನೀನು ತುಂಬಿದ್ದು ಯಾವುದೋ ಅದರ ಮೇಲೆ ಇಡು" ಎಂದಳು. ಆ ನಾಚಿಕೆ ಇನ್ನೂ ಇಳಿದಿಲ್ಲ. ಹಾಗಾಗಿ ಇದ್ದದ್ದು ಇದ್ದ ಹಾಗೆ ಬರೆದೆ. ಅಳಿಸಿದ್ದರೆ ಇಂದು ತಮ್ಮ ಕಾಲೇಜಿನಲ್ಲಿ ಅಂಗರಚನೆ ಓದುತ್ತಿದ್ದೆನೇನೋ.

ಡಾಕ್ಟರ್ ವಿಟ್ಕೊಂಬ್ ನನಗಿಂತ ದೊಡ್ಡ ಪೆದ್ದರು. ಅವರ ಶಿಫಾರಸು ಪತ್ರ ಆರಂಭವಾಗುವುದು ಹೀಗೆ: 'ಕೊರಿನ್‌ಳನ್ನು ನಾನು ಖುದ್ದಾಗಿ ಒಮ್ಮೆಯೂ ಭೇಟಿಯಾಗಿಲ್ಲ. ಎರಡು ವರ್ಷಗಳಿಂದ ನನ್ನ ಕೈಗಳು ಅವಳವೇ.' ತಮ್ಮ ಕಚೇರಿಗೆ ಫೋನು ಮಾಡಿದಾಗ ಮೃದು ದನಿಯ ಹೆಂಗಸೊಬ್ಬರು, "ನಿಮ್ಮ ಡಾಕ್ಟ್ರೇ ಬರ್ದಿದಾರಲ್ಲಮ್ಮಾ, ಭೇಟಿನೇ ಆಗಿಲ್ಲ ಅಂತ" ಎಂದರು. ಮುಂದಿನ ಸಾಲು ಓದಿ ಮೇಡಂ ಎಂದೆ. ಹಾಳೆ ಮಗುಚಿದ ಸದ್ದು ಕೇಳಿತು. ಆಮೇಲೆ, "ಓದ್ದೆ ಕಣಮ್ಮ. ಚೆನ್ನಾಗಿದೆ. ಆದ್ರೆ ನಮ್ಮ ಫಾರಂನಲ್ಲಿ ಅದಕ್ಕೆ ಜಾಗ ಇಲ್ಲ" ಎಂದರು. ಅವರ ಮೇಲೆ ನನಗೆ ಸಿಟ್ಟಿಲ್ಲ.

ಈಗ ಫೆಬ್ರವರಿಯ ಒಂದು ಮಧ್ಯಾಹ್ನದ ಸಂಗತಿ ಹೇಳುತ್ತೇನೆ. ಅರ್ಮಾನ್ ಗೆಂದ್ರೋ ಎಂಬ ಹಿರಿಯರು. ಮೂವತ್ತೊಂದು ಚಳಿಗಾಲ ಜಿಲ್ಲೆಯ ರಸ್ತೆಗಳಲ್ಲಿ ಹಿಮ ತಳ್ಳುವ ಲಾರಿ ಓಡಿಸಿದವರು, ಈಚೆಗೆ ಹೃದಯದ ಕಾಯಿಲೆ ಬಂದವರು. ನನ್ನನ್ನು ಕಂಡಾಗಲೆಲ್ಲ "ಬಂದ್ಲಪ್ಪಾ ಡಾಕ್ಟರಮ್ಮ, ಟೀವಿ ತಳ್ಕೊಂಡು" ಎಂದು ರೇಗಿಸುತ್ತಿದ್ದರು. ಅಂದು ಹಿಮ ಒಂದೇ ಸಮನೆ ಸುರಿಯುತ್ತಿತ್ತು. ಅವರಿಗೆ ಏದುಸಿರು, ಕಾಲುಗಳು ಊದಿದ್ದವು. ಡಾಕ್ಟರು ಪರದೆಯಿಂದ, "ಕೊರಿನ್, ಮೊಣಕಾಲ ಕೆಳಗೆ ಒತ್ತು. ಅಲ್ಲಿ ಬೀಳೋ ಗುಂಡಿ ಎಷ್ಟು ಹೊತ್ತು ಉಳಿಯತ್ತೆ, ಎಣಿಸು" ಎಂದರು. ಒತ್ತಿದೆ. ಹನ್ನೆರಡರವರೆಗೆ ಎಣಿಸಿ ತಲೆಯೆತ್ತಿದರೆ ಡಾಕ್ಟರ ಮುಖ ಅರ್ಧ ಬಾಯಿ ತೆರೆದು ನಿಂತುಹೋಗಿತ್ತು. ಸಂಪರ್ಕ ಕಡಿದಿತ್ತು.

"ಬಾಯಿ ಮುಚ್ಕೊಳ್ಳೋಕೆ ಹೇಳೇ ಅವರಿಗೆ, ನೊಣ ಹೋಗತ್ತೆ" ಎಂದರು ಅರ್ಮಾನ್, ಅಷ್ಟು ಉಬ್ಬಸದಲ್ಲೂ.

ಜೆರಾಲ್ಡಿನ್ ಆಮ್ಲಜನಕ ಹಾಕಿ ಆಂಬುಲೆನ್ಸಿಗೆ ಫೋನು ಮಾಡಿದಳು. ರಸ್ತೆ ಮುಚ್ಚಿದೆ, ತಡವಾಗುತ್ತದೆ ಎಂದರು. ನಾನು ಅವರನ್ನು ಎಬ್ಬಿಸಿ ಕೂರಿಸಿ, ಕಾಲು ಕೆಳಗಿಳಿಸಿ, ಬೆನ್ನಿಗೆ ನನ್ನ ಭುಜ ಕೊಟ್ಟು ನಿಂತೆ. ಇದನ್ನೆಲ್ಲ ನನಗೆ ಕಲಿಸಿದ್ದು ಆ ಪರದೆಯೇ. ಹನ್ನೊಂದು ನಿಮಿಷದ ಮೇಲೆ ಡಾಕ್ಟರು ಫೋನಿನಲ್ಲಿ ಸಿಕ್ಕಿ ಯಾವ ಸೂಜಿ, ಎಷ್ಟು ಎಂದು ಜೆರಾಲ್ಡಿನ್‌ಗೆ ಹೇಳಿದರು. ಆಮೇಲೆ ಹೇಳುವುದಕ್ಕೆ ಏನೂ ಉಳಿದಿರಲಿಲ್ಲ. "ಕೊರಿನ್, ಅವರ ಕೈ ಹಿಡ್ಕೊಂಡಿರು. ನಾನಿದ್ದಿದ್ರೆ ಹಿಡ್ಕೊತಿದ್ದೆ" ಎಂದರು.

ನಾನಾಗಲೇ ಹಿಡಿದಿದ್ದೆ. ಅರ್ಮಾನ್ ಕಿಟಕಿಯ ಕಡೆಯೇ ನೋಡುತ್ತಿದ್ದರು. "ಇವತ್ತು ರಸ್ತೆ ಬಿಡಿಸ್ತಿರೋನು ಯಾವನೇ? ನಾನಾಗಿದ್ರೆ ಇಷ್ಟೊತ್ತಿಗೆ ಆಂಬುಲೆನ್ಸ್ ತಂದು ನಿಲ್ಲಿಸ್ತಿದ್ದೆ" ಎಂದರು. ಕೊನೆಗೂ ಆಂಬುಲೆನ್ಸ್ ಬಂತು. ಅರ್ಧ ದಾರಿಯಲ್ಲಿ ಅವರು ತೀರಿಹೋದರು. ಶುರುವಿನಿಂದ ಅವರನ್ನು ಆಂಬುಲೆನ್ಸಿಗೆ ಹತ್ತಿಸುವವರೆಗೆ ಒಂದು ಗಂಟೆ ಹತ್ತು ನಿಮಿಷ. ತಮ್ಮ ಫಾರಂನಲ್ಲಿ ಅದೂ ಸೊನ್ನೆ.

ಮಾನ್ಯರೇ, ವೈದ್ಯರಿದ್ದ ಕೋಣೆಯಲ್ಲಿ ನಾನಿರಲಿಲ್ಲ, ನಿಜ. ಆದರೆ ರೋಗಿ ಇದ್ದ ಕೋಣೆ ಯಾವುದು? ಅಲ್ಲಿ ಖುದ್ದಾಗಿ ಇದ್ದವರು ಯಾರು? ಇನ್ನೊಂದು ಮಾತು. ತಾವು ನನ್ನನ್ನು ಸಂದರ್ಶಿಸಿದ್ದು ಎಲ್ಲಿ, ನೆನಪಿದೆಯೇ? ಪರದೆಯಲ್ಲಿ. ಇಪ್ಪತ್ತೈದು ನಿಮಿಷ. ನಡುವೆ ಎರಡು ಸಲ ತಮ್ಮ ಮುಖವೂ ಹಾಗೆಯೇ ನಿಂತುಹೋಗಿತ್ತು. ಅಷ್ಟರಲ್ಲಿ ನಾನು ಯೋಗ್ಯಳೋ ಅಲ್ಲವೋ ತಮಗೆ ತಿಳಿದುಬಿಟ್ಟಿತು. ಪರದೆಯಲ್ಲಿ ಕಂಡದ್ದು ಲೆಕ್ಕಕ್ಕಿಲ್ಲವೆಂದಾದರೆ ನನ್ನನ್ನು ತಾವು ನೋಡಿಯೇ ಇಲ್ಲ.

ಈ ಪತ್ರದಿಂದ ಏನೂ ಆಗುವುದಿಲ್ಲವೆಂದು ಬಲ್ಲೆ. ನಾಳೆ ಬೆಳಿಗ್ಗೆ ಏಳಕ್ಕೆ ಮತ್ತೆ ಗಾಡಿ ತಳ್ಳುತ್ತೇನೆ. ಊರಿಗೆ ಡಾಕ್ಟರು ಬರುವುದಿಲ್ಲ, ನಾನು ಡಾಕ್ಟರಾಗುವುದಿಲ್ಲ. ಹಾಗಾಗಿ ಸೀಟು ಕೇಳುತ್ತಿಲ್ಲ. ಇನ್ನೂರ ಹತ್ತು ಗಂಟೆ ಐವತ್ತು ನಿಮಿಷಗಳನ್ನು ತಾವೇ ಇಟ್ಟುಕೊಳ್ಳಿ. ನನ್ನ ಕಡತ ಮುಚ್ಚಿಡುವ ಮುನ್ನ ಒಂದು ಗಂಟೆ ಹತ್ತು ನಿಮಿಷದ ಮುಂದೆ ಮಾತ್ರ 'ಖುದ್ದಾಗಿ' ಎಂದು ಬರೆಯಿಸಿ. ಆ ಪೀಪಾಯಿ ತುಂಬಿದವಳು ನಾನು. ಅದರ ಮೇಲೆ ನನ್ನ ಚೀಟಿ ಇರಬೇಕು.

ಇಂತಿ,
ಡಾಕ್ಟರ್ ವಿಟ್ಕೊಂಬ್ ಅವರ ಕೈಗಳು,
ತಮ್ಮ ದಾಖಲೆಯಂತೆ ಗೈರುಹಾಜರಾದವಳು,
ಕೊರಿನ್ ಬುಶಾರ್