ಈ ಸಲ ನೀರು ಕುಡಿದೇ ಬರುತ್ತೇವೆ

ಪ್ರವಾಸೋದ್ಯಮ ಇಲಾಖೆಯ ಅಧಿಕಾರಿಗಳಿಗೆ,

ಮಾನ್ಯರೇ,

ಜಲಪಾತದ ಪಕ್ಕದಲ್ಲಿ ನೀವು ಕಟ್ಟಿಸಿ, ಕಲ್ಲು ನೆಟ್ಟು, ರಿಬ್ಬನ್ ಕತ್ತರಿಸಿ, ಆಮೇಲೆ ಬೀಗ ಹಾಕಿಟ್ಟಿರುವ ಹೆಂಗಸರ ಶೌಚಾಲಯದ ಬಗ್ಗೆ ಈ ಪತ್ರ. ಇಂಥದ್ದನ್ನು ನಾಲ್ಕು ಜನ ಓದುವ ಪತ್ರಿಕೆಯಲ್ಲಿ ಬರೆಯಲು ನನಗೆ ಸಂಕೋಚವೇ. ನಾನು ಹೆಚ್ಚು ಓದಿದವಳಲ್ಲ. ಮಲಗುವ ಮುಂಚೆ ಡೈರಿಯಲ್ಲಿ ಎರಡು ಸಾಲು ಗೀಚುವುದು ಬಿಟ್ಟರೆ ಬರೆಯುವ ಅಭ್ಯಾಸವೂ ಇಲ್ಲ. ಅಲ್ಲಿ ಕೂಡ ಆ ದಿನದ ಬಗ್ಗೆ 'ಅಕ್ಕನಿಗೆ ತೊಂದರೆಯಾಯಿತು' ಎಂದಷ್ಟೇ ಬರೆದಿದ್ದೆ. ಸಂಕೋಚದಲ್ಲೇ ಅಕ್ಕನ ಒಂದು ದಿನ ಹೋಯಿತು. ಆಮೇಲೆ ಅಕ್ಕನೂ ಹೋದಳು. ಇನ್ನು ಯಾರಿಗಾಗಿ ಸಂಕೋಚ?

ಅಕ್ಕನೂ ನಾನೂ ಶಾಲೆಯ ಸಮವಸ್ತ್ರ ಹೊಲಿಯುವ ಕಾರ್ಖಾನೆಯಲ್ಲಿ ಅಕ್ಕಪಕ್ಕ ಕೂತು ಕೆಲಸ ಮಾಡಿದವರು. ಅವಳದು ಕಾಲರ್, ನನ್ನದು ಕಾಜಾ-ಗುಂಡಿ. ಅವಳ ಮಷಿನ್ನಿನ ಎದುರು ಗೋಡೆಯ ಮೇಲೆ ನಿಮ್ಮದೇ ಇಲಾಖೆಯ ಹಳೆಯ ಕ್ಯಾಲೆಂಡರಿನ ಒಂದು ಹಾಳೆ ಇತ್ತು. ತಾರೀಖಿನ ಭಾಗ ಕತ್ತರಿಸಿ, ಜಲಪಾತದ ಚಿತ್ರವನ್ನು ಮಾತ್ರ ಅಂಟಿಸಿದ್ದಳು. ಹತ್ತಿಯ ಧೂಳು ಕೂತು ಕೂತು ನೀರು ಯಾವುದು, ದಾರದ ಎಳೆ ಯಾವುದು ಗೊತ್ತಾಗದ ಹಾಗಾಗಿತ್ತು. ಕೊರಳು ನೋವು ಬಂದಾಗಲೆಲ್ಲ ತಲೆ ಎತ್ತಿ ಅದನ್ನು ನೋಡಿ, "ಎಲ್ಲ ಚೆನ್ನಾಗಿದೆ ಕಣೇ, ಸದ್ದೊಂದೇ ಇಲ್ಲ. ಸಾಯೋದ್ರೊಳಗೆ ಒಂದ್ಸಲ ಇದರ ಸದ್ದು ಕೇಳ್ಬೇಕು" ಅನ್ನುತ್ತಿದ್ದಳು. ಅವಳು ಈ ಲೋಕದಲ್ಲಿ ಬಾಯಿಬಿಟ್ಟು ಕೇಳಿದ್ದು ಬಹುಶಃ ಅದೊಂದೇ. ಅದನ್ನೂ ಸರ್ಕಾರದ ಹತ್ತಿರ ಕೇಳಲಿಲ್ಲ, ನನ್ನ ಹತ್ತಿರ ಕೇಳಿದಳು.

ಹಾಗಾಗಿ ಅವಳು ಕೆಲಸ ಬಿಟ್ಟ ವರ್ಷ ನಿಮ್ಮ ಒಂದು ದಿನದ ಪ್ರವಾಸಕ್ಕೆ ಇಬ್ಬರೂ ಹೊರಟೆವು. 'ಒಂದೇ ದಿನದಲ್ಲಿ ಇತಿಹಾಸವೂ ನಿಸರ್ಗವೂ' ಎಂದು ನೀವು ಅಚ್ಚು ಹಾಕಿಸಿದ್ದೀರಿ. ಬೆಳಿಗ್ಗೆ ಕೋಟೆ, ಮಧ್ಯಾಹ್ನ ಅರಮನೆ, ಸಂಜೆ ಜಲಪಾತ. ಒಂದು ಇಡೀ ರಾಜವಂಶವನ್ನು ಊಟದ ಹೊತ್ತಿಗೆ ಮುಗಿಸುವ ಚಾಕಚಕ್ಯ ನಿಮ್ಮದು, ಒಪ್ಪಿಕೊಳ್ಳುತ್ತೇನೆ. ಆದರೆ ನಿಮ್ಮ ಬಸ್ಸು ಹತ್ತಲು ಹೆಂಗಸರು ಮಾಡಿಕೊಳ್ಳುವ ತಯಾರಿ ಏನೆಂದು ನಿಮಗೆ ಗೊತ್ತಿದೆಯೇ? ಗಂಡಸರು ಟೋಪಿ ಹುಡುಕುತ್ತಾರೆ, ಫೋನಿಗೆ ಚಾರ್ಜ್ ಹಾಕುತ್ತಾರೆ. ನಾವು ಹಿಂದಿನ ಸಂಜೆಯಿಂದಲೇ ನೀರು ಕುಡಿಯುವುದನ್ನು ನಿಲ್ಲಿಸುತ್ತೇವೆ. ಅಕ್ಕನಿಗೆ ರಕ್ತದೊತ್ತಡಕ್ಕೆ ಒಂದು ಮಾತ್ರೆ ಇತ್ತು; ಅದನ್ನು ನುಂಗಿದರೆ ಗಳಿಗೆಗೊಮ್ಮೆ ಏಳಬೇಕು. ಆ ಬೆಳಿಗ್ಗೆ ಅದನ್ನು ಹಾಗೇ ಡಬ್ಬಿಯಲ್ಲಿಟ್ಟಳು. ನಾನು ಗದರಿಸಿದರೆ, "ಒಂದಿನಕ್ಕೆ ಏನಾಗಲ್ಲ ಬಿಡೇ, ಅವರ ಬಸ್ಸಲ್ಲಿ ನನ್ನ ಮಾನ ಹೋಗೋದು ಬೇಡ" ಅಂದಳು. ಬಸ್ಸಿನಲ್ಲಿ ಪ್ರತಿ ಹೆಂಗಸಿನ ಮಡಿಲಲ್ಲೂ ಒಂದೊಂದು ನೀರಿನ ಬಾಟಲಿ ಇತ್ತು. ಸಂಜೆ ನೋಡಿದರೆ ಎಲ್ಲವೂ ತುಂಬಿದ್ದು ತುಂಬಿದ ಹಾಗೇ. ನಿಮ್ಮ ಪ್ರವಾಸವನ್ನು ನೆಮ್ಮದಿಯಾಗಿ ಮಾಡಿ ಬಂದದ್ದು ಆ ಬಾಟಲಿಗಳು ಮಾತ್ರ.

ಕೋಟೆಯಲ್ಲಿ ಶೌಚಾಲಯದ ಕಡೆಗೆ ಬಾಣದ ಗುರುತಿನ ಫಲಕವಿದೆ. ಬಾಣ ಹಿಡಿದು ಹೋದರೆ ಕೊನೆಗೆ ಸಿಗುವುದು ಗೋಡೆ. ಗಂಡಸರಿಗೆ ಅದು ಸಾಕು. ಇತಿಹಾಸಪ್ರಸಿದ್ಧ ಗೋಡೆಯನ್ನು ಅವರು ಬಹಳ ಹಿಂದೆಯೇ ತಮ್ಮದಾಗಿ ಮಾಡಿಕೊಂಡಿದ್ದಾರೆ. ನಾವು ಸುಮ್ಮನೆ ಹಿಂದಿರುಗಿದೆವು. ಅರಮನೆಯಲ್ಲಿ ಗೈಡ್ ಎದೆಯುಬ್ಬಿಸಿ, "ನೋಡಿ, ಆ ಕಾಲದಲ್ಲೇ ಅಂತಃಪುರದ ಹೆಂಗಸರಿಗೆ ಬೇರೆ ಬಚ್ಚಲು, ಕಲ್ಲಿನ ಕಾಲುವೆಯಲ್ಲಿ ಸದಾ ನೀರು!" ಎಂದು ವಿವರಿಸಿದರು. ಅಕ್ಕ ನನ್ನ ಕಿವಿಯಲ್ಲಿ, "ಬೀಗದ ಕೈ ರಾಜನ ಹತ್ರ ಇರ್ತಿತ್ತಾ ಕೇಳೇ" ಅಂದಳು. ಊಟದ ಹೋಟೆಲಿನಲ್ಲಿ ಒಂದಿತ್ತು. ಒಳಗಿನಿಂದ ಚಿಲಕವಿಲ್ಲ, ಬಾಗಿಲ ಮುಂದೆ ಗಂಡಸರ ಸಾಲು. ಅಕ್ಕ ಅಲ್ಲಿಯವರೆಗೆ ಹೋಗಿ ತಿರುಗಿ ಬಂದು ಅರ್ಧ ಊಟಕ್ಕೇ ಕೈತೊಳೆದಳು.

ಇನ್ನು ಜಲಪಾತ. ಬಸ್ಸು ನಿಲ್ಲುವ ಜಾಗದ ಪಕ್ಕದಲ್ಲೇ ನಿಮ್ಮ ಕಟ್ಟಡ. ಅದನ್ನು ಕಂಡು ಅಕ್ಕನ ಮುಖ ಅರಳಿದ್ದು ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದಂತಿದೆ. ಜಲಪಾತ ನೋಡಲು ಬಂದವಳಿಗೆ ಒಂದು ಬಾಗಿಲು ನೋಡಿ ಅಷ್ಟು ಸಂತೋಷವಾಗಬೇಕೇ? ಬಾಗಿಲಿಗಿಂತ ದೊಡ್ಡದಾಗಿ ಉದ್ಘಾಟನೆಯ ಕಲ್ಲು. ಬಾಗಿಲಿಗೆ ಬೀಗ. ನೆರಳಿನಲ್ಲಿ ಕುರ್ಚಿ ಹಾಕಿಕೊಂಡು ಕಾವಲುಗಾರ ಕೂತಿದ್ದ.

"ಸ್ವಲ್ಪ ತೆಗೀರಪ್ಪಾ" ಅಂದೆ ನಾನು.

"ಆಗಲ್ಲ ಅಮ್ಮ. ತೆಗೆದ್ರೆ ಎಲ್ಲರೂ ಬರ್ತಾರೆ."

"ಬರಲಿ ಅಂತಲ್ವಾ ಕಟ್ಟಿಸಿರೋದು?"

"ಬಂದ್ರೆ ಗಲೀಜಾಗುತ್ತಲ್ಲ ಅಮ್ಮ. ಗಣ್ಯರು ಯಾರಾದ್ರೂ ಬಂದಾಗ ತೆಗೀತೀವಿ. ಮೇಲಿಂದ ಹಾಗೇ ಹೇಳಿದ್ದಾರೆ."

ಅಕ್ಕ ಅವನನ್ನು ಒಂದು ಗಳಿಗೆ ನೋಡಿ, "ಹಾಗಾದ್ರೆ ಗಣ್ಯರಿಗೆ ಮಾತ್ರ ಬರುತ್ತೇನಪ್ಪಾ?" ಎಂದು ಕೇಳಿದಳು.

ಅವನು ನಕ್ಕ. ನಕ್ಕು ಆಮೇಲೆ ತಲೆ ತಗ್ಗಿಸಿದ. "ನನ್ನ ಹೆಂಡ್ತಿನೂ ಇಲ್ಲೇ ಜೋಳ ಮಾರ್ತಾಳೆ. ಅವಳಿಗೂ ತೆಗೆಯಂಗಿಲ್ಲ" ಅಂದ. ಅವನ ಮೇಲೆ ನನಗೆ ಸಿಟ್ಟಿಲ್ಲ. ಮೇಲಿಂದ ಹೇಳಿದವರು ಯಾರು ಎಂದು ಕೇಳುವುದಕ್ಕೇ ನಾನು ಈ ಪತ್ರವನ್ನು ನಿಮಗೆ ಬರೆಯುತ್ತಿರುವುದು.

ಪೊದೆಯ ಮರೆಗೆ ಹೋದೆವು. ನಾನು ಶಾಲು ಬಿಡಿಸಿ ಅಡ್ಡ ಹಿಡಿದೆ. ಅಷ್ಟರಲ್ಲಿ ಮೇಲಿನ ದಾರಿಯಲ್ಲಿ ಫೋಟೋ ತೆಗೆಯುವವರ ಗುಂಪು ಬಂತು. ಅಕ್ಕ ಎದ್ದುಬಿಟ್ಟಳು. ಅರವತ್ತು ದಾಟಿದವಳು, ಯಾರ ಮುಂದೆಯೂ ಕೈಚಾಚದವಳು, ಕಳ್ಳಿಯ ಹಾಗೆ ಸೀರೆ ಸರಿಮಾಡಿಕೊಂಡು ನಿಂತಳು. ಆಮೇಲೆ ಅವಳಿಂದ ಇಳಿಜಾರಿನ ಮೆಟ್ಟಿಲು ಇಳಿಯುವುದಿರಲಿ, ನೆಟ್ಟಗೆ ನಡೆಯುವುದೂ ಆಗಲಿಲ್ಲ. ಬಸ್ಸಿಗೆ ಹತ್ತಿ ಕಿಟಕಿ ಪಕ್ಕ ಕೂತಳು. "ನೀನು ಹೋಗಿ ನೋಡ್ಕೊಂಡು ಬಾ. ಬಂದು ನನಗೆ ಹೇಳು. ಇಬ್ಬರೂ ಕೂತ್ರೆ ಕೊಟ್ಟ ದುಡ್ಡು ದಂಡ" ಅಂದಳು.

ಹೋದೆ. ನೋಡಿದೆ. ಏನು ನೋಡಿದೆ ಎಂದು ಕೇಳಬೇಡಿ. ಅಷ್ಟು ಎತ್ತರದಿಂದ ಅಷ್ಟು ನೀರು ಸುರಿಯುತ್ತಿತ್ತು, ನನ್ನ ಅಕ್ಕ ಮೇಲೆ ಬಸ್ಸಿನಲ್ಲಿ ಒಣ ತುಟಿ ಕಚ್ಚಿಕೊಂಡು ಕೂತಿದ್ದಳು. ಬೇಗ ಹಿಂದಿರುಗಿದೆ. ಬಸ್ಸಿನ ಎಂಜಿನ್ ಓಡುತ್ತಲೇ ಇತ್ತು, ಒಳಗೆ ಹಾಡು ಜೋರಾಗಿತ್ತು. ಆ ಗದ್ದಲದಲ್ಲಿ ಜಲಪಾತವೊಂದು ಹತ್ತಿರದಲ್ಲಿದೆ ಎಂಬ ಸುಳಿವೂ ಇರಲಿಲ್ಲ.

"ಹೇಗಿತ್ತೇ?" ಎಂದಳು.

"ಚಿತ್ರದಲ್ಲಿದ್ದ ಹಾಗೇ."

"ಅದು ನನಗೂ ಗೊತ್ತು. ಸದ್ದು?"

ಏನು ಹೇಳಲಿ? "ನಮ್ಮ ಕಾರ್ಖಾನೆ ಮಷಿನ್ನೆಲ್ಲ ಒಟ್ಟಿಗೆ ಓಡಿದ ಹಾಗೆ" ಅಂದೆ.

"ಅಯ್ಯೋ ನಿನ್ನ! ಅದನ್ನ ಕೇಳೋಕೆ ಇಷ್ಟು ದೂರ ಬರ್ಬೇಕಿತ್ತಾ?" ಎಂದು ನಗಲು ಶುರುಮಾಡಿದವಳು ಹೊಟ್ಟೆ ಹಿಡಿದುಕೊಂಡಳು. "ನಗಿಸಬೇಡ್ವೇ, ನಗಿಸಬೇಡ, ತಡೆಯೋಕಾಗಲ್ಲ..." ನಗುತ್ತಲೇ ಕಣ್ಣಲ್ಲಿ ನೀರು ಬಂತು. ನಗುವಿನದೋ ನೋವಿನದೋ, ನಾನು ಕೇಳಲಿಲ್ಲ.

ಆ ವಾರವೇ ನಿಮ್ಮ ಕಚೇರಿಗೆ ದೂರು ಬರೆದೆ. ಅಕ್ಕ ಬೈದಳು, "ಇದನ್ನೆಲ್ಲ ಬರೀತಾರೇನೇ?" ಎಂದು. ಮಳೆಗಾಲ ಕಳೆದು ಅಕ್ಕ ಒಂದು ಬೆಳಗಿನ ಜಾವ ಹೃದಯ ನಿಂತು ತೀರಿಕೊಂಡಳು. ನಿಮ್ಮ ಬೀಗ ಅವಳನ್ನು ಕೊಂದಿತು ಎಂದು ನಾನು ಹೇಳುತ್ತಿಲ್ಲ. ಸುಳ್ಳು ಹೇಳಿ ನನಗೇನೂ ಆಗಬೇಕಾದ್ದಿಲ್ಲ. ಅವಳ ಕಾಯಿಲೆ ಅವಳದು. ಆದರೆ ಅವಳು ಇಷ್ಟಪಟ್ಟು ಕೇಳಿದ ಒಂದು ದಿನ ನಿಮ್ಮ ಕೈಯಲ್ಲಿತ್ತು, ಅದನ್ನು ನೀವು ಬೀಗ ಹಾಕಿ ಒಳಗಿಟ್ಟುಕೊಂಡಿರಿ. ಇದನ್ನು ಮಾತ್ರ ಹೇಳುತ್ತೇನೆ.

ನಿಮ್ಮ ಉತ್ತರ ಅವಳು ಹೋದ ಮೇಲೆ ಬಂತು. 'ಸದರಿ ಸ್ಥಳದಲ್ಲಿ ಸುಸಜ್ಜಿತ ಮಹಿಳಾ ಶೌಚಾಲಯ ಲಭ್ಯವಿರುತ್ತದೆ. ದೂರನ್ನು ಮುಕ್ತಾಯಗೊಳಿಸಲಾಗಿದೆ.' ಜೊತೆಗೆ ಒಂದು ಬಣ್ಣದ ಫೋಟೋ: ಫಳಫಳ ಹೊಳೆಯುವ ಬಿಳಿ ಟೈಲ್ಸ್, ಕನ್ನಡಿ, ಹೊಸ ನಲ್ಲಿ. ಒಳಗೆ ಹೇಗಿದೆ ಎಂದು ನಾನು ನೋಡಿದ್ದು ಆ ಫೋಟೋದಲ್ಲೇ. ಬಹಳ ಚೆನ್ನಾಗಿದೆ, ಮಾನ್ಯರೇ. ನಿಮ್ಮ ಪ್ರೇಕ್ಷಣೀಯ ಸ್ಥಳಗಳ ಪಟ್ಟಿಯಲ್ಲಿ ಅದನ್ನೂ ಸೇರಿಸಿಬಿಡಿ. ಗೈಡ್ ಮುಂದೆ ನಿಂತು, 'ಇದು ಹೆಂಗಸರಿಗಾಗಿ ಕಟ್ಟಿದ್ದು, ಇತಿಹಾಸದಲ್ಲಿ ಯಾವ ಹೆಂಗಸೂ ಒಳಗೆ ಹೋದ ದಾಖಲೆ ಇಲ್ಲ' ಎಂದು ವಿವರಿಸಲಿ. ಗೋಡೆಯಲ್ಲಿ ಒಂದು ಚಿತ್ರ, ಅದಕ್ಕೆ ಸದ್ದಿಲ್ಲ. ಕೈಯಲ್ಲಿ ಒಂದು ಚಿತ್ರ, ಅದಕ್ಕೆ ಬಾಗಿಲಿಲ್ಲ. ನಮ್ಮಂಥವರಿಗೆ ನಿಮ್ಮ ಇಲಾಖೆ ಎಷ್ಟು ಚಿತ್ರ ಕೊಡುತ್ತದೆ?

ಬಳಸಿದರೆ ಗಲೀಜಾಗುತ್ತದೆ ಎನ್ನುತ್ತೀರಿ. ಆಗುತ್ತದೆ. ಮನೆಯೂ ಆಗುತ್ತದೆ, ತೊಳೆಯುತ್ತೇವೆ. ನಾವು ಹೊಲಿದ ಅಂಗಿ ಮೊದಲ ದಿನವೇ ಮಣ್ಣಾಗುತ್ತದೆ. ಹಾಗೆಂದು ಮಕ್ಕಳಿಗೆ ತೊಡಿಸದೆ ಪೆಟ್ಟಿಗೆಯಲ್ಲಿಡಲು ನಾವು ಅಧಿಕಾರಿಗಳಲ್ಲ.

ಬರುವ ತಿಂಗಳ ಮೊದಲ ಭಾನುವಾರ ನಮ್ಮ ಕಾರ್ಖಾನೆಯ ಹೆಂಗಸರೆಲ್ಲ ಸೇರಿ ನಿಮ್ಮದೇ ಬಸ್ಸಿನಲ್ಲಿ ಜಲಪಾತಕ್ಕೆ ಬರುತ್ತಿದ್ದೇವೆ. ಕಾಲರ್‌ನವರು, ಕಾಜಾದವರು, ಇಸ್ತ್ರಿಯವರು, ಎಲ್ಲರೂ. ನಮಗೆ ಬೇಕಾದದ್ದು ಇಷ್ಟು: ಆ ಬೀಗ ಇರಬಾರದು. ಕಾವಲುಗಾರನ ಜೇಬಿನಲ್ಲಿ ಬೀಗದ ಕೈ ಇದ್ದರೆ ಸಾಲದು, ಬೀಗವೇ ಇರಬಾರದು. ನಲ್ಲಿಯಲ್ಲಿ ನೀರಿರಬೇಕು, ಚಿಲಕ ಒಳಗಡೆ ಇರಬೇಕು. ಜೋಳ ಮಾರುವವಳೂ ಹೋಗುವ ಹಾಗಿರಬೇಕು. ಇಲ್ಲದಿದ್ದರೆ ಏನು ಮಾಡುತ್ತೀರಿ ಎಂದು ನಮ್ಮನ್ನು ಕೇಳಬೇಡಿ. ಅದನ್ನು ನೀವೇ ಯೋಚಿಸಿಟ್ಟುಕೊಳ್ಳಿ. ಯಾಕೆಂದರೆ ಈ ಸಲ ನಾವು ಮಾತ್ರೆ ಬಿಡುವುದಿಲ್ಲ. ಬೆಳಿಗ್ಗೆ ಎದ್ದು ಎಲ್ಲರೂ ದೊಡ್ಡ ಲೋಟದಲ್ಲಿ ಹೊಟ್ಟೆ ತುಂಬ ನೀರು ಕುಡಿದೇ ಬಸ್ಸು ಹತ್ತುತ್ತೇವೆ. ದಾರಿಯಲ್ಲೂ ಕುಡಿಯುತ್ತೇವೆ. ಬಾಟಲಿಗಳು ಖಾಲಿಯಾಗಿಯೇ ಬರುತ್ತವೆ. ಕೆಳಗಿಳಿದು, ಯಾವ ಅವಸರವೂ ಇಲ್ಲದೆ ಕೂತು, ನಾನು ಆ ಸದ್ದನ್ನು ಸರಿಯಾಗಿ ಕೇಳಿಸಿಕೊಳ್ಳಬೇಕಾಗಿದೆ. ಮಷಿನ್ನಿನ ಹಾಗಿದೆ ಎಂದು ಅವತ್ತು ಬಾಯಿಗೆ ಬಂದದ್ದು ಹೇಳಿಬಿಟ್ಟಿದ್ದೆ.

ಇಂತಿ,
ನಿಮ್ಮ ಕಡತದಲ್ಲಿ ಮುಕ್ತಾಯಗೊಂಡ ದೂರಿನವಳು,
ಬಸ್ಸಿನಲ್ಲೇ ಕೂತಿದ್ದವಳ ತಂಗಿ