ಮಂಜುಗಡ್ಡೆಯ ಕೆಳಗಿನ ಬಂಡೆ

ಕೆಕೆರ್ತಾರ್ಸುವಾಕ್, ಗ್ರೀನ್‌ಲ್ಯಾಂಡ್
ಜೂನ್ ೧೪, ಭಾನುವಾರ

ಪ್ರೀತಿಯ ತೊಬಿಯಾಸಿನೆ,

ಸೊಂಟದ ನೋವು ಇಳಿಯಿತೇ? ಆಪರೇಷನ್ ಆದ ಮೇಲೆ ಊರುಗೋಲು ಹಿಡಿದು ಓಡಾಡುತ್ತಿದ್ದೀಯೆಂದು ನರ್ಸ್ ಫೋನಿನಲ್ಲಿ ಹೇಳಿದಳು. ಪಕ್ಕದ ಹಾಸಿಗೆಯವಳ ಹೆಣಿಗೆಯಲ್ಲಿ ತಪ್ಪು ಹುಡುಕುತ್ತಿದ್ದೀಯಂತೆ. ಅಂದಮೇಲೆ ಗುಣವಾದ ಹಾಗೆಯೇ. ಇಲ್ಲಿ ನಾಯಿಗಳು ಚೆನ್ನಾಗಿವೆ. ಸೀಲ್ ಮಾಂಸದ ಸೂಪು ನಾನೇ ಮಾಡಿಕೊಳ್ಳುತ್ತಿದ್ದೇನೆ, ಅದಕ್ಕೆ ಹಾಕಿದ ಅಕ್ಕಿ ಮಾತ್ರ ಪ್ರತಿ ಸಲ ತಳ ಹಿಡಿಯುತ್ತದೆ.

ಈಗ ಮಗಳ ವಿಷಯ. ಮೊದಲೇ ಹೇಳಿಬಿಡುತ್ತೇನೆ, ಕಿಸ್ತಾರಾ ಕ್ಷೇಮವಾಗಿದ್ದಾಳೆ. ಹೋದ ಬೇಸಿಗೆಯಲ್ಲಿ ಅವಳು ಕಡಲಂಚಿನ ಬಂಡೆಗಳಿಗೆ ಅಂಗಿಯ ಗುಂಡಿಯಷ್ಟು ಪುಟ್ಟ ಉಷ್ಣಮಾಪಕಗಳನ್ನು ಅಂಟಿಸಿ ಬಂದಾಗ, ಬಂಡೆಗೆ ಅಂಗಿ ಹೊಲಿಯೋಕೆ ಇಷ್ಟೊಂದು ಓದ್ಬೇಕಾ ಎಂದು ನೀನು ಅಣಕಿಸಿದ್ದೆಯಲ್ಲ, ಅವನ್ನೇ ಬಿಡಿಸಿ ತರಲು ಮೊನ್ನೆ ಇಳಿತದ ಹೊತ್ತಿಗೆ ಪಕ್ಕದ ಮನೆಯ ಎಜೆಕಿಯಾಸನ ದೋಣಿಯಲ್ಲಿ ಹೋದಳು. ನಾನೂ ನನ್ನ ದೋಣಿಯಲ್ಲಿ ಅಲ್ಲೇ ಹತ್ತಿರ ಬಲೆ ಎತ್ತುತ್ತಿದ್ದೆ. ಅವಳು ನೀರಂಚಿನಲ್ಲಿ ಮಂಡಿಯೂರಿ ಉಳಿಯಿಂದ ಕೊನೆಯ ಗುಂಡಿಯನ್ನು ಎಬ್ಬಿಸುತ್ತಿದ್ದಾಗ ಆಚೆ ಕಡಲಲ್ಲಿ ನಿಂತಿದ್ದ ಹಿಮಗುಡ್ಡ ಬಿರಿದು ಮಗುಚಿಕೊಂಡಿತು. ಆ ಸದ್ದು ನಿನಗೆ ಗೊತ್ತು, ಅದರ ಹಿಂದೆ ಬರುವ ಅಲೆಯೂ ಗೊತ್ತು. ಎಜೆಕಿಯಾಸ್ ದೋಣಿಯನ್ನು ಆಳಕ್ಕೆ ತಿರುಗಿಸುತ್ತಲೇ, ಚೀಲ ಬಿಟ್ಟು ಮೇಲೆ ಹತ್ತು ಎಂದು ಕೂಗಿದ. ಅವಳು ಚೀಲ ಬಿಡದೆ ಹತ್ತಿದಳು. ನಿನ್ನ ಮಗಳೇ ಅಲ್ಲವೇ! ನಾನು ದೋಣಿಯ ಮೂತಿಯನ್ನು ಅಲೆಗೆದುರು ಹಿಡಿದು, ಏರಿ ಇಳಿದು ತಿರುಗಿ ನೋಡಿದರೆ ಬಂಡೆಯೇ ಇಲ್ಲ, ಬರೀ ನೊರೆ. ಕೊನೆಗೆ ನೀರು ಜಾರಿತು. ಬಂಡೆಯ ನೆತ್ತಿಗೆ ಬೋರಲಾಗಿ ಕಚ್ಚಿಕೊಂಡಿದ್ದಳು, ಚೀಲದ ದಾರ ಹಲ್ಲಿನಲ್ಲಿ. ಹತ್ತಿರ ಹೋದರೆ, "ಅಪ್ಪಾ, ಬೈಯೋದಿದ್ರೆ ಮನೇಲಿ ಬೈಯಿ. ಮೊದ್ಲು ಈ ಚೀಲ ಹಿಡ್ಕೋ" ಅಂದಳು. "ನಿನ್ನ ಹಿಡ್ಕೊಂಡ್ಮೇಲೆ ಚೀಲ" ಅಂದೆ.

ಒಂದು ಗುಂಡಿಯೂ ಕಳೆದಿಲ್ಲ. ನಿನ್ನೆ ಅಡುಗೆಮನೆಯ ಮೇಜಿನ ಮೇಲೆ ಕಂಪ್ಯೂಟರ್ ಇಟ್ಟು ಇಡೀ ವರ್ಷದ ಚಳಿಯನ್ನು ಗೆರೆಗಳಲ್ಲಿ ತೋರಿಸಿದಳು. ಹೊರಗೆ ನಾಯಿಗಳೇ ಮುದುರಿಕೊಂಡ ದಿನಗಳಲ್ಲೂ, ದಡದ ಮಂಜುಗಡ್ಡೆಯ ಕೆಳಗಿನ ಬಂಡೆ ಕಡಲ ನೀರಿಗಿಂತ ಹೆಚ್ಚು ತಣ್ಣಗಾಗಿಲ್ಲ. ಅಲ್ಲಿಯ ಕಪ್ಪೆಚಿಪ್ಪುಗಳು ಬದುಕಿವೆ. ಆದರೆ ಭೂಶಿರದ ತುದಿಯಲ್ಲಿ ಈ ಸಲ ಮಂಜುಗಡ್ಡೆ ಕಟ್ಟಲೇ ಇಲ್ಲ, ಅಲ್ಲಿಯ ಗೆರೆ ಪಾತಾಳಕ್ಕೆ ಬಿದ್ದಿದೆ, ಚಿಪ್ಪುಗಳೆಲ್ಲ ಬಾಯಿ ಬಿಟ್ಟಿವೆ. ಚಳಿಗಾಲ ಬೆಚ್ಚಗಾಗಿದ್ದಕ್ಕೆ ಚಳಿಯಲ್ಲಿ ಸತ್ತವೆಂದರೆ ನನಗೆ ತಲೆಕೆಳಗಾಗಿ ಕೇಳಿಸಿತು. "ಹೊದ್ಕೆ ಕಿತ್ಕೊಂಡ್ರೆ ಯಾರಿಗಾದ್ರೂ ಚಳಿ ಆಗಲ್ವಾ ಅಪ್ಪಾ" ಅಂದಳು. ನಾವು ಚಿಕ್ಕಂದಿನಿಂದ ಚಿಪ್ಪು ಆರಿಸುತ್ತಿದ್ದ ಜಾಗವದು. ಮನಸ್ಸಿಗೆ ಕಷ್ಟವಾಯಿತು. ಆದರೂ ಅದನ್ನು ಹೇಳಲು ಅವಳು ಎದುರಿಗೆ ಕೂತಿದ್ದಾಳಲ್ಲ ಎಂಬುದೇ ದೊಡ್ಡದಾಗಿ ಕಂಡಿತು.

ಎಜೆಕಿಯಾಸನ ತಾಯಿ ನಿನ್ನ ಆರೋಗ್ಯ ವಿಚಾರಿಸಿದರು. ದೇವರು ನಿನ್ನ ಕಾಲಿಗೆ ಬಲ ಕೊಡಲಿ, ಬೇಗ ಮನೆ ಸೇರು.

ನಿನ್ನ
ಏಗೆಡೆ

ತಾ.ಕ.: ಲಕೋಟೆಗೆ ಅಂಚೆಚೀಟಿ ಇಲ್ಲದ್ದನ್ನು ನೋಡಿರುತ್ತೀಯ. ಆ ಅಲೆಗೆ ಕಿಸ್ತಾರಾಳ ಎಡ ಮಣಿಕಟ್ಟು ಮುರಿದಿದೆ. ಗಾಬರಿಯಾಗಬೇಡ. ಸರಿಯಾಗಿ ಕೂರಿಸಲು ನಿನ್ನ ಆಸ್ಪತ್ರೆಗೇ ಕಳಿಸುತ್ತಿದ್ದಾರೆ. ಈ ಕಾಗದವನ್ನು ನರ್ಸ್ ಕೈಲಿ ಕಳಿಸು, ಅಮ್ಮ ಪೂರ್ತಿ ಓದಿ ಮುಗಿಸುವ ತನಕ ಒಳಗೆ ಕಾಲಿಡಬೇಡ ಎಂದು ಅವಳಿಗೆ ಹೇಳಿದ್ದೇನೆ. ಬೈಯುವುದನ್ನೆಲ್ಲ ನಾನೇ ಬೈದಾಗಿದೆ. ಬಾಗಿಲಾಚೆ ನಿಂತಿದ್ದಾಳೆ, ಕರೆ.