ಫ್ಲೆಕ್ಸಿನ ಮೇಲಿನ ಬಸುರಿ

ಫೆಬ್ರವರಿ 9, ಬೆಳಗ್ಗೆ

…ಅಲ್ಲ, ಸಾರಿ, ಮತ್ತೆ ಮೊದಲಿಂದ. ಅರ್ಧ ಮಾತಾಡಿದ್ದೆಲ್ಲ ಲಾರಿ ಹಾರ್ನಿನಲ್ಲಿ ಹೋಯಿತು. ಯಾರಿಗೆ ಸಾರಿ ಹೇಳ್ತಿದೀನೋ ನನಗೇ ಗೊತ್ತಿಲ್ಲ, ಕೇಳೋರು ಯಾರೂ ಇಲ್ಲ. ಗಿರಾಕಿಗಳಿಗೆ ಹೇಳಿ ಹೇಳಿ ಬಾಯಿಗೆ ಅಭ್ಯಾಸ. ಡೈರಿ ಬರೆಯೋಣ ಅಂದರೆ ಕೈ ಓಡಲ್ಲ. ಮಾತು ಓಡುತ್ತೆ. ಅದಕ್ಕೇ ಈ ವಾಯ್ಸ್ ರೆಕಾರ್ಡು.

ಕೋಲಾರದಿಂದ ಶ್ರೀನಿವಾಸಪುರಕ್ಕೆ ಹೊರಟಿದ್ದೆ. ಕಾರು ಪಕ್ಕಕ್ಕೆ ಹಾಕಿದೀನಿ. ಕೋಲಾರ, ಮುಳಬಾಗಿಲು, ಈಗ ಶ್ರೀನಿವಾಸಪುರ. ಮೂರು ಸ್ಟುಡಿಯೋ. ದೇವರು ಕಣ್ಣು ಬಿಟ್ಟರೆ ಮಾಲೂರು. ಪಾಸ್‌ಪೋರ್ಟ್ ಸೈಜಿನ ಕಾಲ ಮುಗೀತು, ಎಲ್ಲರ ಜೇಬಲ್ಲೂ ಕ್ಯಾಮೆರಾ. ಈಗ ನಡೆಯೋದು ಪೋರ್ಟ್ರೇಟ್. ಹುಟ್ಟಿದ ಮಗು, ವರ್ಷ ತುಂಬಿದ ಮಗು, ಹೊಟ್ಟೆಯಲ್ಲಿರೋ ಮಗು. ಬೆಂಗಳೂರಲ್ಲಿ ಬಸುರಿಯರು ಸಾಲುಗಟ್ಟಿ ಬರ್ತಾರೆ. ಇಲ್ಲಿ ನಾಚಿಕೆ, ಮೇಲೆ ದೃಷ್ಟಿ ಭಯ. ಒಬ್ಬಳದು ನೋಡಿದರೆ ಇನ್ನೊಬ್ಬಳು ಬರ್ತಾಳೆ. ಮೊದಲನೆಯವಳು ಬೇಕಲ್ಲ? ಒಬ್ಬ ಬಸುರಿಯನ್ನ ಕೇಳಿದೆ, ನಿಮ್ಮ ಫೋಟೋ ಫ್ಲೆಕ್ಸ್ ಮಾಡಿಸಲಾ ಅಂತ. ಅವಳ ಅತ್ತೆ ಚಪ್ಪಲಿ ಕಡೆ ನೋಡಿದಳು. ನನ್ನ ಕಡೆ ನೋಡಿದಳು. ಜಾಗ ಖಾಲಿ ಮಾಡಿದೆ.

ಮನೆಯಲ್ಲಿ ರಜನಿ ಇದ್ದಾಳೆ. ಸೊಸೆ. ನನ್ನ ಮಗ ಗಂಗಾಧರನ ಹೆಂಡತಿ. ಮದುವೆಯಾಗಿ ಐದನೇ ವರ್ಷ, ಮಕ್ಕಳಿಲ್ಲ. ಆದರೆ ಮುಖ… ಲೈಟು ಯಾವ ಕಡೆಯಿಂದ ಬಿಟ್ಟರೂ ಕೆಡದ ಮುಖ.

ನಿನ್ನೆ ರಾತ್ರಿ ಊಟಕ್ಕೆ ಕೂತಾಗ ಹೇಳಿದೆ, ಮೊದಲನೆಯವಳು ರಜನಿಯೇ ಆಗಲಿ ಅಂತ. ಸರಳಾ, ನನ್ನ ಹೆಂಡತಿ, ಮುದ್ದೆ ಮುರಿದವಳು ಹಾಗೇ ಹಿಡಿದುಕೊಂಡು ಕೂತಳು.

"ರೀ, ಬುದ್ಧಿ ನೆಟ್ಟಗಿದ್ಯಾ ನಿಮ್ಗೆ? ಯಾರ್ ಹತ್ರ ಏನ್ ಕೇಳ್ತಿದೀರ?"

"ಫೋಟೋ ಕಣೇ, ಬರೀ ಫೋಟೋ. ಒಂದು ದಿಂಬು ಕಟ್ಟಿದ್ರೆ ಆಯ್ತು."

ಗಂಗಾಧರ ತಟ್ಟೆಯಿಂದ ತಲೆ ಎತ್ತಲಿಲ್ಲ. ನಮ್ಮ ಮೇನ್ ಕ್ಯಾಮೆರಾಮನ್ ಅವನೇ. ವ್ಯಾಪಾರ ಗೊತ್ತು ಅವನಿಗೆ.

"ಮಾಡ್ತೀನಿ ಮಾವ" ಅಂದಳು ರಜನಿ. ಅವಳೇ ಅಂದಿದ್ದು. ಯಾರೂ ಬಲವಂತ ಮಾಡಿಲ್ಲ. ಇದೊಂದು ರೆಕಾರ್ಡ್ ಆಗಿರಲಿ.

ಫೆಬ್ರವರಿ 12, ಸಂಜೆ

ಶೂಟ್ ಮುಗೀತು. ಹಸಿರು ರೇಷ್ಮೆ, ಕೈತುಂಬ ಬಳೆ, ಮಲ್ಲಿಗೆ. ದಿಂಬು ಕಟ್ಟಲ್ಲ ಅಂತ ಸರಳಾ ಹೊರಗೆ ಹೋಗಿ ಕೂತಳು. ರಜನಿ ಒಳಗೆ ತಾನೇ ಕಟ್ಟಿಕೊಂಡಳು. ಹೊತ್ತಾಯಿತು ಅಂತ ಬಾಗಿಲು ತಟ್ಟಿದೆ. ಬಂದಳು ನೋಡಿ — ಸೊಂಟದ ಮೇಲೆ ಕೈ, ಬೆನ್ನು ಹಿಂದಕ್ಕೆ, ಕಾಲು ಅಗಲ ಅಗಲ. ಯಾರೂ ಹೇಳಿಕೊಟ್ಟಿಲ್ಲ.

ಶ್ರೀನಿವಾಸಪುರದ ಅಂಗಡಿ ನೋಡಿಕೊಳ್ಳೋ ಉಮೇಶ, ಮೇಕಿಂಗ್ ವಿಡಿಯೋ ಅಂತ ಫೋನಲ್ಲಿ ಎಲ್ಲ ತೆಗೆದ. ದಿಂಬು ಜಾರಿದ್ದು, ಅವಳು ನಕ್ಕು ಸರಿ ಮಾಡಿಕೊಂಡಿದ್ದು ಎಲ್ಲ ಬಂದಿದೆ.

"ಕೆಳಗೆ ನೋಡಮ್ಮ, ಮಗೂನ ನೋಡು" ಅಂದೆ. ನೋಡಿದಳು. ಗಂಗಾಧರ ಕ್ಯಾಮೆರಾ ಕೆಳಗಿಟ್ಟ. ಬ್ಯಾಟರಿ ತರ್ತೀನಿ ಅಂತ ಹೋದವನು ಬರಲೇ ಇಲ್ಲ. ನಾನೇ ಹೊಡೆದೆ. ಇಷ್ಟು ವರ್ಷದಲ್ಲಿ ಅಂಥ ಫೋಟೋ ಹೊಡೆದಿಲ್ಲ ನಾನು.

ಎಲ್ಲ ಮುಗಿದ ಮೇಲೂ ಹಾಗೇ ಕೂತಿದ್ದಳು ಕಿಟಕಿ ಹತ್ತಿರ.

"ಬಿಚ್ಚಮ್ಮ, ಸೀರೆ ಸುಕ್ಕಾಗುತ್ತೆ."

"ಇನ್ನೊಂಚೂರು ಹೊತ್ತು ಮಾವ."

ನಗು ಬಂತು ನನಗೆ. ಮಕ್ಕಳ ಥರ.

ಫೆಬ್ರವರಿ 27

ಫ್ಲೆಕ್ಸ್ ಎದ್ದಿದೆ. ಶ್ರೀನಿವಾಸಪುರ ಬಸ್ ಸ್ಟ್ಯಾಂಡ್ ಎದುರು, ಎರಡು ಅಂತಸ್ತಿನಷ್ಟು. ಬಸ್ಸಿಳಿದವರು ಕತ್ತೆತ್ತಲೇಬೇಕು. ಫೋನ್ ಮೇಲೆ ಫೋನು. ಬುಕಿಂಗ್ ಒಂದು ಕಡೆ, ಇನ್ನೊಂದು ಕಡೆ ನೆಂಟರು — "ಏನಪ್ಪಾ ಮುನಿಕೃಷ್ಣ, ತಾತ ಆಗ್ತಿದೀಯಂತೆ!" ಆಗಲಿ ಆಗಲಿ ಅಂತ ಇಟ್ಟುಬಿಡ್ತೀನಿ. ಒಬ್ಬೊಬ್ಬರಿಗೂ ದಿಂಬಿನ ಕಥೆ ಹೇಳ್ತಾ ಕೂತರೆ ಅಂಗಡಿ ಯಾರು ನೋಡೋದು? ರಜನಿ ತನ್ನ ಫೋನು ಸ್ವಿಚ್ ಆಫ್ ಮಾಡಿ ಅಕ್ಕಿ ಡಬ್ಬದ ಹಿಂದೆ ಇಟ್ಟಿದ್ದಾಳಂತೆ.

ಮಾರ್ಚ್ 6, ಮಧ್ಯಾಹ್ನ

ಬೀಗಿತ್ತಿ ಬಂದಿದ್ದರು. ರಜನಿ ತಾಯಿ ಆಂಜಿನಮ್ಮ. ಯಲ್ದೂರಿಂದ ಮೊದಲ ಬಸ್ಸಿಗೆ, ಒಬ್ಬರೇ. ಗಂಡ ಇಲ್ಲ, ಮಾವಿನ ತೋಟಗಳಲ್ಲಿ ಕೂಲಿ, ಇರೋದು ಇದೊಂದೇ ಮಗಳು. ಎರಡು ಕೈಯಲ್ಲೂ ಚೀಲ. ಹಸಿರು ಬಳೆ, ಸೀರೆ, ಐದು ಥರ ಹಣ್ಣು, ತಂಬಿಟ್ಟು. ಬಾಗಿಲಲ್ಲೇ ಶುರು.

"ಏನ್ ಬೀಗ್ರೇ, ನಾನೇನ್ ಬೇರೆಯೋಳಾ? ಊರ್ಗೆಲ್ಲ ತೋರ್ಸಿದೀರ, ಹೆತ್ತೋಳ್ಗೆ ಒಂದ್ ಮಾತಿಲ್ಲ! ದೃಷ್ಟಿ ಆಗ್ತದೆ ಅಂತ ಮುಚ್ಚಿಟ್ಟವ್ರೆ ಅಂದ್ಕಂಡೆ. ಮುಚ್ಚಿಡೋರು ಬಸ್ ಸ್ಟ್ಯಾಂಡಾಗೆ ಹಾಕ್ತಾರಾ? ನಿಮ್ಗೂ ನಿಮ್ ಅಂಗ್ಡಿಗೂ ಒಂದ್ ನಮಸ್ಕಾರ!"

ಬಯ್ಯೋದೂ ನಗೋದೂ ಒಟ್ಟಿಗೆ. ಅಷ್ಟರಲ್ಲಿ ರಜನಿ ನೀರು ತಂದಳು. ಆಂಜಿನಮ್ಮ ಮಗಳ ಮುಖ ನೋಡಿದರು. ಆಮೇಲೆ ಕಣ್ಣು ಕೆಳಗಿಳಿಯಿತು. ಅಲ್ಲೇ ನಿಂತಿತು.

"ಏದಮ್ಮಾ?" ಅಂದರು. ಅವರ ಮನೆಮಾತು ತೆಲುಗು. ಎಲ್ಲಿದೆಯಮ್ಮಾ, ಅಂತ.

ನಾನೇ ವಿವರಿಸಿದೆ. ಇದು ಅಡ್ವರ್ಟೈಸ್‌ಮೆಂಟು, ಸಿನಿಮಾದಲ್ಲಿ ಮಾಡೋದಿಲ್ವಾ ಹಾಗೆ, ದಿಂಬು… ಚೆನ್ನಾಗೇ ವಿವರಿಸಿದೆ. ಕೇಳಿಸಿಕೊಂಡರೋ ಇಲ್ಲವೋ. ತಂಬಿಟ್ಟು ಒಂದೊಂದೇ ಚೀಲಕ್ಕೆ ವಾಪಸ್ ಹಾಕಿದರು.

"ಊರೆಲ್ಲ ಹಂಚ್‌ಬಂದೆ ಅಣ್ಣಾ. ಬೀದಿ ಬೀದಿ ನಿಂತು ಹೇಳ್‌ಬಂದೆ."

ಕಾಫಿ ಕುಡಿಯಿರಿ ಅಂದೆ. ಎದ್ದುನಿಂತರು. ಮಗಳ ರಟ್ಟೆ ಹಿಡಿದರು.

"ಬಾ ತಲ್ಲಿ, ಹೋಗಣ."

"ಯಾಕೆ ಕರ್ಕೊಂಡು ಹೋಗ್ತೀರ?" ಅಂದೆ.

"ಮೊದಲ್ನೇದು ತವರಾಗೇ ಅಲ್ವಾ ಬೀಗ್ರೇ ಆಗ್ಬೇಕು?"

ಸರಳಾ ಬಾಗಿಲ ಹತ್ತಿರ ನಿಂತು ಸೆರಗು ಬಾಯಿಗೆ ಒತ್ತಿಕೊಂಡಳು. ನನಗಿನ್ನೂ ಅರ್ಥವಾಗಿಲ್ಲ.

ಮಾರ್ಚ್ 24

ಈಗ ಅರ್ಥವಾಯಿತು. ಆಯಮ್ಮ ಊರಲ್ಲಿ ಹೇಳಿದ್ದು — ಮಗು ಹೋಯ್ತು, ಹೊಟ್ಟೆಯಲ್ಲೇ ಹೋಯ್ತು ಅಂತ.

ಗಂಗಾಧರ ನೋಡಿಬಂದ. ರಜನಿ ಬಾಣಂತಿ ಥರ ಮಲಗಿದ್ದಾಳಂತೆ. ತಲೆಗೆ ಬಟ್ಟೆ, ಕಿವಿಗೆ ಹತ್ತಿ, ಮೆಣಸಿನ ಸಾರು, ಬೆಳ್ಳುಳ್ಳಿ. ಊರ ಹೆಂಗಸರು ಬಂದು ಪಕ್ಕದಲ್ಲಿ ಕೂತು ಅಳ್ತಾರಂತೆ. ಇಷ್ಟು ವರ್ಷ ನಾಮಕರಣಕ್ಕೆ ಹೋದರೆ ಅವಳ ಕೈಗೆ ಆರತಿ ತಟ್ಟೆ ಕೊಡದವರು ಈಗ ತಲೆ ಬಾಚ್ತಾರಂತೆ.

"ಅವ್ಳು ಹೇಳಿದ್ಲು ಅಪ್ಪಾ… ಬಂಜೆ ಅನ್ನೋರು ಯಾರೂ ಇಲ್ಲ ಈಗ. ಕಳ್ಕೊಂಡೋಳು ಅಂತಾರೆ. ಕಳ್ಕೊಂಡೋಳು ಅಂದ್ರೆ ಪಕ್ಕದಲ್ಲಿ ಕೂರಿಸ್ಕೋತಾರೆ. ಗಂಡಸ್ರು ನನ್ನ ಹೆಗಲ ಮೇಲೆ ಕೈಯಿಟ್ರು. ನಾನೂ ಅತ್ತುಬಿಟ್ಟೆ."

"ಲೇ, ದಿಂಬಿಗೆ ಅತ್ತಿಯೇನೋ!" ಅಂದೆ. ತಮಾಷೆಗೆ.

ಊಟ ಬಿಟ್ಟು ಎದ್ದುಹೋದ. ತಮಾಷೆ ಅರ್ಥವಾಗದ ಮಕ್ಕಳು.

ಏಪ್ರಿಲ್ 17, ಸಂಜೆ

ತಮಾಷೆ ನನ್ನ ಕುತ್ತಿಗೆಗೇ ಬಂತು. ಬುಕಿಂಗ್ ಕ್ಯಾನ್ಸಲ್. ಮೇಲಿಂದ ಮೇಲೆ. ಮೊದಲು ಶ್ರೀನಿವಾಸಪುರ, ಆಮೇಲೆ ಮುಳಬಾಗಿಲು. ಒಬ್ಬ ಮುದುಕಿ, ಹೆಸರು ಮುನಿಶಾಮಮ್ಮ, ಮೊಮ್ಮಗಳನ್ನ ಮೇಕಪ್ ಕುರ್ಚಿಯಿಂದಲೇ ಎಬ್ಬಿಸಿದಳು.

"ಫ್ಲೆಕ್ಸಾಗಿರೋ ಹುಡ್ಗೀದು ಮಗು ಉಳೀಲಿಲ್ವಂತೆ! ಹೊಟ್ಟೆ ಫೋಟೋ ಹೊಡ್ದಿದ್ಕೆ ಹೋಯ್ತಂತೆ. ನಿನ್ ಕ್ಯಾಮ್ರಾಗೆ ಬೆಂಕಿ ಬೀಳ!"

ಸರಳಾ ಹೇಳ್ತಾಳೆ, ಫ್ಲೆಕ್ಸ್ ಇಳಿಸಿಬಿಡಿ ಅಂತ. ಇಳಿಸಿದರೆ ಏನರ್ಥ? ಹೌದು, ನನ್ನ ಕ್ಯಾಮೆರಾ ಮಗು ತಿಂತು ಅಂತ ಒಪ್ಪಿಕೊಂಡ ಹಾಗೆ. ಮಾಲೂರಲ್ಲಿ ಅಂಗಡಿ ಹಿಡಿದಾಗಿದೆ. ಕುರುಡುಮಲೆ ಗಣೇಶನಿಗೆ ಪೂಜೆ ಕೂಡ ಮಾಡಿಸಿದೀನಿ.

ನಾನೇ ಯಲ್ದೂರಿಗೆ ಹೋದೆ. ಬಾ, ಬಂದು ನಿಜ ಹೇಳು ಅಂದೆ ರಜನಿಗೆ. ಗೋಡೆಗೊರಗಿ ಕೂತಿದ್ದವಳು ಎದ್ದು ಬಂದು ಕಾಲು ಹಿಡಿದಳು.

"ಮಾವ, ಫ್ಲೆಕ್ಸ್ ಇಳ್ಸಿಬಿಡಿ. ಸ್ವಲ್ಪ ದಿನಕ್ಕೆ ಜನ ಮರೀತಾರೆ. ದಿಂಬು ಅಂತ ಮಾತ್ರ ಹೇಳ್ಬೇಡಿ. ಈ ಊರಲ್ಲಿ ನಮ್ಮಮ್ಮ ಬದುಕ್‌ಬೇಕು."

ನೋಡೋಣ ಅಂದೆ. ಆಂಜಿನಮ್ಮ ಮಜ್ಜಿಗೆ ಕೊಟ್ಟರು. ಕುಡಿದು ಬಂದೆ.

ಏಪ್ರಿಲ್ 20

ವಿಡಿಯೋ ಹಾಕಿಸಿದೆ. ಇನ್‌ಸ್ಟಾಗ್ರಾಮಲ್ಲಿ, ಫೇಸ್‌ಬುಕ್ಕಲ್ಲಿ, ಎಲ್ಲ ಗ್ರೂಪಲ್ಲಿ. ದಿಂಬು ಜಾರೋದು, ಅವಳು ನಗೋದು, ಸರಿ ಮಾಡಿಕೊಳ್ಳೋದು. ಮೇಲೆ ದೊಡ್ಡ ಅಕ್ಷರದಲ್ಲಿ: "ಮಗೂನೂ ಇಲ್ಲ, ದೃಷ್ಟೀನೂ ಇಲ್ಲ, ಬರೀ ದಿಂಬು!" ಪಕ್ಕದಲ್ಲಿ ನಗೋ ಮುಖ ಎರಡು.

ಉಮೇಶ ಕೈ ಹಿಸುಕಿಕೊಳ್ತಿದ್ದ. "ಸಾರ್, ಅಕ್ಕನ್ನ ಒಂದ್ ಮಾತು ಕೇಳಿ…"

"ಕೇಳಿದ್ರೆ ಬೇಡ ಅಂತಾಳೆ ಕಣೋ. ಅದಕ್ಕೇ ಕೇಳ್ತಿಲ್ಲ."

ಸುಳ್ಳು ಹೇಳಿದ್ದು ಯಾರು? ಅವರು. ನಾನು ತೋರಿಸಿದ್ದು ನಿಜ. ಮೂರು ಮನೆ ಹೊಟ್ಟೆ ತುಂಬಬೇಕು ಈ ಅಂಗಡಿಗಳಿಂದ. ಅದರಲ್ಲಿ ಅವಳದೂ ಒಂದು. ಮನೆ, ವ್ಯಾಪಾರ ಎರಡನ್ನೂ ತೂಗಿಸಿಕೊಂಡು ಹೋಗೋನು ನಾನೊಬ್ಬ. ಯಾವ ಕಡೆ ಎತ್ತಿದರೂ ಬೈಗಳ.

ಏಪ್ರಿಲ್ 23

ವಿಡಿಯೋ ಜಿಲ್ಲೆಗೆಲ್ಲ ಮುಟ್ಟಿದೆ. ಚಿಂತಾಮಣಿ ಕಡೆಯಿಂದಲೂ ಫೋನು. ಕ್ಯಾನ್ಸಲ್ ಮಾಡಿದವರೇ ನಗ್ತಾ ವಾಪಸ್ ಬಂದರು. ಮುನಿಶಾಮಮ್ಮ ಕೂಡ.

ಗಂಗಾಧರ ಬೆಳಗ್ಗೆ ಕ್ಯಾಮೆರಾ ಬ್ಯಾಗು ನನ್ನ ಟೇಬಲ್ ಮೇಲಿಟ್ಟ. ಯಲ್ದೂರಿಗೆ ಹೊರಟ. ಮದುವೆ ಸೀಸನ್ ಮಧ್ಯೆ!

ಸೆಪ್ಟೆಂಬರ್ 14

ಬಹಳ ದಿನ ಆಯಿತು ಇದರಲ್ಲಿ ಮಾತಾಡಿ. ಸಾರಿ.

ಮಾಲೂರು ಓಪನ್ ಆಯಿತು. ಟೇಪ್ ಕತ್ತರಿಸೋವಾಗ ಪಕ್ಕದಲ್ಲಿ ಉಮೇಶ ನಿಂತಿದ್ದ, ಮಗ ನಿಲ್ಲಬೇಕಾದ ಕಡೆ. ಗಂಗಾಧರ ಈಗ ಟೊಮೆಟೊ ಮಂಡಿಯಲ್ಲಿ ಲೋಡು ಲೆಕ್ಕ ಬರೀತಾನಂತೆ. ಅಂಥ ಕಣ್ಣಿರೋನು!

ಸರಳಾ ಊಟ ಬಡಿಸಿ ಒಳಗೆ ಹೋಗ್ತಾಳೆ. ಎದುರಿಗೆ ಕೂರಲ್ಲ. ವಿಡಿಯೋ ಹಾಕಿದ ಮೇಲೆ ಯಲ್ದೂರಲ್ಲಿ ಏನಾಯಿತೇ ಅಂತ ಕೆದಕಿದೆ. ಕೊನೆಗೊಂದು ದಿನ ಹೇಳಿದಳು.

"ಅತ್ತಿದ್ದೋರೆಲ್ಲ ಬಂದು ಬಾಗ್ಲಲ್ಲಿ ನಿಂತ್ರಂತೆ. ಫೋನಲ್ಲಿ ವಿಡಿಯೋ ಹಾಕಿ ಅವ್ಳ ಮುಖಕ್ಕೇ ಹಿಡಿದ್ರಂತೆ. ನಮ್ ಕಣ್ಣೀರು ವಾಪಸ್ ಕೊಡ್ರೇ ಅಂದ್ರಂತೆ. ಸಾಕಾ?"

ಹಳ್ಳಿ ಜನ. ಎರಡು ತಿಂಗಳಿಗೆ ಮರೀತಾರೆ ಅಂದೆ.

ಡಿಸೆಂಬರ್ 3, ಮಧ್ಯಾಹ್ನ

ಮರೆತಿಲ್ಲ.

ಯಲ್ದೂರಿನ ಗಂಗುಲಪ್ಪ ಅಂತ ಒಬ್ಬ, ಮೊಮ್ಮಗಳ ಬರ್ತ್‌ಡೇ ಫೋಟೋಗೆ ಬಂದಿದ್ದ. ಲೈಟು ಸರಿ ಮಾಡ್ತಿದ್ದೆ. ಪಕ್ಕಕ್ಕೆ ಬಂದು ಕಿವಿಯಲ್ಲಿ ಕೇಳಿದ.

"ಈ ಸಲ ಏನ್ ಕಟ್ಕಂಡವ್ಳೆ ಸಾಮಿ ನಿಮ್ ಸೊಸೆ? ದಿಂಬಾ, ಹಾಸ್ಗೆನಾ? ಐದು ತಿಂಗ್ಳಷ್ಟು ಕಾಣ್ತದೆ!"

ಮನೆಗೆ ಓಡಿದೆ. ಸರಳಾಗೆ ಗೊತ್ತಿತ್ತು. ಮೊದಲಿಂದ ಗೊತ್ತಿತ್ತು! ನಿಜವಾದ ಬಸಿರು. ಡಾಕ್ಟರು ನೋಡಿದ್ದಾರೆ, ಸ್ಕ್ಯಾನ್ ಆಗಿದೆ.

"ನನಗ್ಯಾಕೆ ಹೇಳಲಿಲ್ಲ?"

"ಕ್ಯಾಮೆರಾ ತಗೊಂಡ್ ಹೋಗ್ತೀರ ಅಂತ."

ಹೀಗಂದಳು ನನಗೆ. ನನಗೆ!

ಊರಲ್ಲಿ ಯಾರೂ ನಂಬ್ತಿಲ್ಲವಂತೆ. ಅಂಗನವಾಡಿಗೆ ತೂಕ ನೋಡಿಸೋಕೆ ಹೋದಾಗ ಒಬ್ಬಳು ಎಲ್ಲರೆದುರಿಗೆ ಹೊಟ್ಟೆಗೆ ಬೆರಳಿಟ್ಟು ಒತ್ತಿ ನೋಡಿದಳಂತೆ. "ಗಟ್ಟಿಗದೆ ಕಣ್ರೇ, ಈ ಸಲ ಒಳ್ಳೆ ಹತ್ತಿ ಹಾಕವ್ಳೆ" ಅಂದಳಂತೆ. ಎಲ್ಲ ನಕ್ಕರಂತೆ. ಅವತ್ತಿಂದ ರಜನಿ ಹೊರಗೆ ಬರಲ್ಲ. ಆಸ್ಪತ್ರೆಗೂ ಹೋಗಲ್ಲ. ಆಶಾ ಕಾರ್ಯಕರ್ತೆ ಬಂದು ಬಾಗಿಲು ಬಡಿದರೂ ತೆಗೆಯಲ್ಲ. ಕಂಬಳಿ ಹೊದ್ದು ಮೂಲೆ ಹಿಡಿದಿದ್ದಾಳಂತೆ.

ಜನವರಿ 11, ಬೆಳಗ್ಗೆ

ಮಾಲೂರು ಸ್ಟುಡಿಯೋ. ಇನ್ನೂ ಗಿರಾಕಿಗಳು ಯಾರೂ ಬಂದಿಲ್ಲ. ರಾತ್ರಿಯೆಲ್ಲ ಯೋಚನೆ ಮಾಡಿದೆ. ದಾರಿ ಸಿಕ್ಕಿತು. ಇಷ್ಟು ಸುಲಭದ್ದು ಮೊದಲೇ ಹೊಳೆಯಲಿಲ್ಲವಲ್ಲ!

ಫೋಟೋ. ಇನ್ನೊಂದು ಫೋಟೋ. ಈ ಸಲ ದಿಂಬಿಲ್ಲ, ಮುಚ್ಚುಮರೆ ಇಲ್ಲ — ಹೊಟ್ಟೆ ಮೇಲೆ ಗಂಗಾಧರನ ಕೈ, ಪಕ್ಕದಲ್ಲಿ ಸ್ಕ್ಯಾನಿಂಗ್ ಚಿತ್ರ. ನಾಲ್ಕೂ ಊರಲ್ಲಿ ಫ್ಲೆಕ್ಸ್. ಯಲ್ದೂರಿನ ಸರ್ಕಲ್ಲಿನಲ್ಲೂ ಒಂದು, ಫ್ರೀಯಾಗಿ. "ಈ ಸಲ ನಿಜ!" ಅಂತ. ಬೆರಳಿಟ್ಟು ನೋಡಿದವಳು ಎಲ್ಲಿ ಮುಖ ಇಡ್ತಾಳೆ ಆಗ? ಡಿಸೈನ್ ರೆಡಿ. ಉಮೇಶ ಮಾತ್ರ ಒಂದು ಸಲ ನೋಡಿ, ಟೀ ತರ್ತೀನಿ ಅಂತ ಎದ್ದುಹೋದ.

ಗಂಗಾಧರ ಫೋನ್ ಎತ್ತಲ್ಲ. ಸರಳಾ ಕೈಯಲ್ಲಿ ಹೇಳಿಸೋಣ ಅಂದರೆ, ನಿನ್ನೆ ಯಾವುದೋ ಫೋನ್ ಬಂತು, ಉಟ್ಟ ಸೀರೆಯಲ್ಲೇ ಯಲ್ದೂರಿಗೆ ಹೊರಟಳು. ಚಪ್ಪಲಿ ಹಾಕಿಕೊಳ್ತಾ ಅಂದಳು, ರಜನಿಗೆ ಕೈಕಾಲು ಮುಖ ಎಲ್ಲ ಊದಿಕೊಂಡಿದೆಯಂತೆ, ಕಣ್ಣು ಮಂಜು ಅಂತಾಳಂತೆ, ಆದರೂ ಆಸ್ಪತ್ರೆಗೆ ಬರಲ್ಲ ಅಂತ ಕೂತಿದ್ದಾಳಂತೆ, ಆಟೋ ಹತ್ತೋವಾಗ ಜನ ನೋಡ್ತಾರೆ ಅಂತ. ಬಸುರಿ ಅಂದಮೇಲೆ ಊತ ಇರುತ್ತೆ. ಸರಳಾಗೂ ಇತ್ತು. ಮುಖ ತುಂಬಿಕೊಂಡಿದ್ದರೆ ಫೋಟೋಗೂ ಒಳ್ಳೆಯದು, ಕೆನ್ನೆಗೆ ಲೈಟು ಚೆನ್ನಾಗಿ ಕೂರುತ್ತೆ. ಒಂದು ಕಡೆಯಿಂದ ಮಾತ್ರ ಬಿಟ್ಟು, ಹಿಂದೆ ಕಪ್ಪು ಪರದೆ…

ತಡಿ. ಫೋನು.

ಗಂಗಾಧರ! ನೋಡಿ, ಹೇಳಲಿಲ್ವಾ ನಾನು? ಬೇಸಿಗೆಯಿಂದ ಮಾತಿಲ್ಲದೋನು ತಾನಾಗೇ ಮಾಡ್ತಿದ್ದಾನೆ. ಕೊನೆಗೆ ಅಪ್ಪನೇ ಬೇಕು. ಭಾನುವಾರ ಕರ್ಕೊಂಡು ಬಾ ಅಂತೀನಿ, ಬಿಸಿಲು ಏರೋದ್ರೊಳಗೆ… ಇಡ್ತೀನಿ, ಕಟ್ ಆಗಿಬಿಟ್ಟರೆ ಮತ್ತೆ ಮಾಡಲ್ಲ ಅವನು. ಹಲೋ, ಗಂಗಾ—